ಓಡುವಾಗಲೇ ಮಾಡಿದ ಕರೆಗಳು

‘ವಾಹನ ಚಲಾಯಿಸುವಾಗ ಫೋನ್ ಬಳಕೆ ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ’ ಎಂಬ ಬೋರ್ಡು ಲಾಂಡ್ರಿಯ ಗೋಡೆ ಏರಿದ್ದು ಅಪಘಾತವಾದ ಮರುದಿನ ಬೆಳಿಗ್ಗೆ. ಮಾಲೀಕನೇ ಸ್ಟೂಲು ಹತ್ತಿ ಮೊಳೆ ಹೊಡೆದ. ಆ ಮಹಾನುಭಾವ ಹನ್ನೆರಡು ವರ್ಷದಲ್ಲಿ ಕೈಯಾರೆ ಒಂದು ಸುತ್ತಿಗೆ ಹಿಡಿದದ್ದನ್ನು ಯಾರೂ ಕಂಡವರಿಲ್ಲ. ಇಸ್ತ್ರಿ ಮೇಜಿನ ಹೆಂಗಸರು ಕೆಲಸ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದರು. ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಒಂದು ತಾರೀಖು ಬರೆಸಿದ್ದ. ಎರಡು ವರ್ಷ ಹಿಂದಿನದು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಆತನ ಅಂಗಿಯ ತೋಳಿಗೆ ಕೆಂಪು ಹತ್ತಿತ್ತು.

“ನೋಡಮ್ಮ, ಇದು ಮೊದಲಿಂದಲೂ ಇಲ್ಲೇ ಇತ್ತು, ಅಲ್ವಾ?” ಎಂದು ಸ್ಟೂಲಿನ ಮೇಲಿಂದಲೇ ಕೇಳಿದ.

ಕೇಳಿದ್ದು ಕಂಟ್ರೋಲಕ್ಕನನ್ನು. ಅವಳ ಮೇಜು ಆ ಗೋಡೆಗೆ ಎದುರಾಗಿಯೇ ಇತ್ತು.

“ಹನ್ನೆರಡು ವರ್ಷದಿಂದ ಈ ಗೋಡೇನೇ ನೋಡ್ಕೊಂಡು ಕೂತಿದೀನಿ. ಅಲ್ಲಿ ಇದ್ದಿದ್ದು ಒಂದು ಹಲ್ಲಿ” ಎಂದಳು ಅವಳು.

ಮಾಲೀಕ ನಕ್ಕ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ. ಪಾಪ, ಅವನಿಗೆ ಅವಳ ತಮಾಷೆಯೂ ಗೊತ್ತಿರಲಿಲ್ಲ, ಅವಳ ಸಿಟ್ಟೂ ಗೊತ್ತಿರಲಿಲ್ಲ.

ಕಂಟ್ರೋಲಕ್ಕ ಎನ್ನುವುದು ಆರು ವ್ಯಾನುಗಳ ಚಾಲಕರು ಅವಳಿಗಿಟ್ಟ ಹೆಸರು. ಲಾಂಡ್ರಿಯ ಮುಂದಿನ ಕೋಣೆಯಲ್ಲಿ, ಒಗೆದ ಬಟ್ಟೆಯ ಮೂಟೆಗಳ ನಡುವೆ, ಅವಳದೊಂದು ಮೇಜು, ಎರಡು ಫೋನು, ಒಂದು ಕಂಪ್ಯೂಟರ್ ಪರದೆ. ಪರದೆಯಲ್ಲಿ ಊರಿನ ನಕ್ಷೆ, ನಕ್ಷೆಯ ಮೇಲೆ ಆರು ಹಸಿರು ಚುಕ್ಕೆ. ಒಂದೊಂದು ಚುಕ್ಕೆ ಒಂದೊಂದು ವ್ಯಾನು. ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳಿಂದ ಕೊಳೆಯಾದ ಹಾಸು ಹೊದಿಕೆ ತರುವುದು, ಒಗೆದು ಮಡಿಸಿದ್ದನ್ನು ಮುಟ್ಟಿಸುವುದು ವ್ಯಾನುಗಳ ಕೆಲಸ. ಯಾವ ವ್ಯಾನು ಎಲ್ಲಿಗೆ, ಯಾವ ಹೊತ್ತಿಗೆ ಎಂದು ನೋಡಿಕೊಳ್ಳುವುದು ಇವಳ ಕೆಲಸ, ಅದರಲ್ಲಿ ಇವಳದು ಎತ್ತಿದ ಕೈ. ಆಸ್ಪತ್ರೆಯ ಬಟ್ಟೆ ಒಂದು ದಿನವೂ ತಡವಾಗಿಲ್ಲ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದಳು. ಹೇಗೆ ತಡವಾಗಲಿಲ್ಲ ಎಂಬುದನ್ನು ಮಾತ್ರ ಅಪಘಾತವಾದ ಆ ಮಂಗಳವಾರದವರೆಗೆ ಯೋಚಿಸಿರಲಿಲ್ಲ.

ಅಲ್ಲಿ ಮಾಲೀಕನದೊಂದು ನಿಯಮವಿತ್ತು. ಕಂಟ್ರೋಲಿನಿಂದ ಫೋನು ಬಂದರೆ ಮೂರನೇ ಸಲ ಬಡಿದುಕೊಳ್ಳುವುದರೊಳಗೆ ಚಾಲಕ ಎತ್ತಬೇಕು. ಎತ್ತದಿದ್ದರೆ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಕೆಂಪು ಗುರುತು. ತಿಂಗಳಲ್ಲಿ ಮೂರು ಗುರುತು ಬಿದ್ದರೆ ಒಂದು ಭಾನುವಾರದ ರಜೆ ಖೋತಾ. ಕೆಂಪು ಪೆನ್ನು ಇರುತ್ತಿದ್ದದ್ದು ಕಂಟ್ರೋಲಕ್ಕನ ಕೈಯಲ್ಲಿ.

ಇದರ ಜೊತೆಗೆ ಅವಳೇ ಕಂಡುಕೊಂಡ ಒಂದು ಉಪಾಯ. ವ್ಯಾನು ನಿಂತಿತೆಂದರೆ ಚಾಲಕ ಇಳಿದು ಮೂಟೆ ಹೊತ್ತು ಲಿಫ್ಟಿನಲ್ಲೋ ಮೆಟ್ಟಿಲ ಮೇಲೋ ಇರುತ್ತಾನೆ. ಫೋನು ಸ್ಟೀರಿಂಗಿನ ಪಕ್ಕದಲ್ಲಿ ಒಂದೇ ಸಮ ಬಡಿದುಕೊಂಡು ಸುಮ್ಮನಾಗುತ್ತದೆ. ನಿಂತ ವ್ಯಾನಿಗೆ ಫೋನು ಮಾಡುವುದು ದಂಡ. ಹಾಗಾಗಿ ಅವಳು ಪರದೆಯನ್ನೇ ನೋಡುತ್ತ ಕೂರುತ್ತಿದ್ದಳು. ಚುಕ್ಕೆ ಅಲುಗಾಡಿ ಹೊರಟಿತೋ, ಒತ್ತುತ್ತಿದ್ದಳು. ಎರಡನೇ ಸಲಕ್ಕೇ ಎತ್ತುತ್ತಿದ್ದರು. ತಾನು ರಜೆ ಹಾಕಿದಾಗ ಬರುವ ಹುಡುಗಿಗೂ ಇದನ್ನು ಬಾಯಿಪಾಠ ಮಾಡಿಸಿದ್ದಳು: “ಚುಕ್ಕೆ ನಿಂತಾಗ ಮಾಡ್ಬೇಡ, ವೇಸ್ಟು. ಓಡೋಕೆ ಶುರುವಾಗ್ಲಿ, ಆಗ ಮಾಡು.” ಆ ಹುಡುಗಿ ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದಳು.

ಆ ಮಂಗಳವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಅವಳು ಹಾಗೇ ಒತ್ತಿದಳು. ಮೂರನೇ ವ್ಯಾನು. ಅದರ ಚಾಲಕನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಡಿಯಾರ ಎಂದು. ಹೊತ್ತು ತಪ್ಪದ ಆಸಾಮಿ. ಎರಡನೇ ಸಲಕ್ಕೆ ಎತ್ತಿದ. “ಇಲ್ಲೇ ಇದೀನಿ ಅಕ್ಕಾ, ಸೇತುವೆ ಇಳೀ—” ಎಂದ. ಆಮೇಲೆ ಕೇಳಿಸಿದ್ದು ಬ್ರೇಕಿನ ಸದ್ದು, ಒಂದು ಹೆಂಗಸಿನ ದನಿ, ಏನೋ ಬಿದ್ದ ಸದ್ದು. ಕರೆ ಕಡಿಯಿತು. ಕಂಟ್ರೋಲಕ್ಕ ಏನು ಮಾಡಿದಳು ಗೊತ್ತೇ? ಮತ್ತೆ ಒತ್ತಿದಳು. ಎತ್ತಲಿಲ್ಲ. ಇನ್ನೊಮ್ಮೆ ಒತ್ತಿದಳು. ಬೆರಳಿಗೆ ಅದೊಂದೇ ಗೊತ್ತಿತ್ತು.

ಬಿದ್ದವಳು ಬಟ್ಟೆ ಹೊಲಿಯುವ ಹೆಂಗಸು. ರಸ್ತೆ ದಾಟುವ ಬಿಳಿ ಪಟ್ಟೆಯ ಮೇಲೇ ಇದ್ದಳು, ದೀಪವೂ ಅವಳ ಪರವಾಗಿತ್ತು. ಜೀವ ಉಳಿಯಿತು. ಬಲಗಾಲು ಮಂಡಿಯಿಂದ ಕೆಳಗೆ ಉಳಿಯಲಿಲ್ಲ.

ಪೊಲೀಸರು ಗಡಿಯಾರನ ಫೋನನ್ನೂ ವ್ಯಾನನ್ನೂ ವಶಪಡಿಸಿಕೊಂಡರು. ಅಪಾಯಕಾರಿಯಾಗಿ ವಾಹನ ಚಲಾಯಿಸಿ ಅಂಗ ಊನ ಮಾಡಿದ್ದು, ಕೈಯಲ್ಲಿ ಫೋನು ಹಿಡಿದಿದ್ದು, ಕೆಂಪು ದೀಪ ದಾಟಿದ್ದು; ಕೇಸಿನ ಕಾಗದದಲ್ಲಿ ಒಂದರ ಕೆಳಗೆ ಒಂದು ಬರೆದಿದ್ದರು. ಜೈಲು ಖಂಡಿತ, ಲೈಸೆನ್ಸ್ ಹೋಗುವುದೂ ಖಂಡಿತ ಎಂದು ಕಂಪನಿಯ ವಕೀಲ ಹೇಳಿದ. ಗಡಿಯಾರನಿಗೂ ವಕೀಲ ಅವನೇ. ಅದು ಮಾಲೀಕನ ದೊಡ್ಡ ಮನಸ್ಸಂತೆ.

ವಕೀಲನ ಲೆಕ್ಕಾಚಾರ ನೀರು ಕುಡಿದಷ್ಟು ಸುಲಭವಾಗಿತ್ತು. ಗಡಿಯಾರ ಮೊದಲ ದಿನವೇ ತಪ್ಪೊಪ್ಪಿಕೊಳ್ಳಬೇಕು. ಕಂಟ್ರೋಲಕ್ಕ ಎರಡು ಮಾತು ಹೇಳಬೇಕು: ಗೋಡೆಯ ಮೇಲೆ ಬೋರ್ಡು ಮುಂಚೆಯೇ ಇತ್ತು, ವ್ಯಾನು ನಿಂತಿದೆ ಎಂದುಕೊಂಡು ಫೋನು ಮಾಡಿದೆ. ಅಲ್ಲಿಗೆ ಫೈಲು ಮುಚ್ಚಿತು.

“ಹಾಗೆ ಹೇಳದಿದ್ರೆ?” ಎಂದಳು ಅವಳು.

“ಹಾಗೆ ಹೇಳದಿದ್ರೆ ಮೇಡಂ, ಫೋನ್ ಎತ್ತೋ ಹಾಗೆ ಕಂಪನಿಯೇ ಮಾಡ್ತು ಅಂತ ಆಗುತ್ತೆ. ಕಂಪನಿ ಮೇಲೂ ಕೇಸು. ಆದ್ರೆ ಕಂಪನಿ ಅನ್ನೋದು ಗುಂಡಿ ಒತ್ತಲ್ಲ ನೋಡಿ” ಎಂದ ವಕೀಲ, ಅವಳ ಕೈಯ ಕಡೆ ನೋಡುತ್ತ. “ಒತ್ತಿದ್ದು ನೀವು. ಓಡ್ತಿದೆ ಅಂತ ಗೊತ್ತಿದ್ದೂ ಒತ್ತಿದೆ ಅಂದ್ರೆ ನಿಮ್ಮನ್ನೂ ಆರೋಪಿ ಮಾಡ್ತಾರೆ.”

ಪಕ್ಕದಲ್ಲಿ ಮಾಲೀಕ ಅವಳನ್ನು ಸೂಪರ್‌ವೈಸರ್ ಮಾಡುವ ಮಾತು ತೆಗೆದ. ಒಂದು ಕೈಯಲ್ಲಿ ಗುಮ್ಮ, ಇನ್ನೊಂದು ಕೈಯಲ್ಲಿ ಬೆಲ್ಲ. ಅವಳಿಗೆ ಭಯವೂ ಆಯಿತು, ಹೇಸಿಗೆಯೂ ಆಯಿತು. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದಳು.

ಮನೆಯಲ್ಲಿ ಗಂಡನಿಗೆ ಯೋಚಿಸುವುದಕ್ಕೇ ಏನೂ ಕಾಣಲಿಲ್ಲ. ಅವನು ಲಿಫ್ಟು ರಿಪೇರಿ ಮಾಡುವವನು; ದಿನವಿಡೀ ಬೈಕಿನ ಮೇಲೆ ಊರು ಸುತ್ತುವವನು. “ನಿನಗ್ಯಾಕೆ ಊರ ಉಸಾಬರಿ? ಅವನು ಹೇಗೂ ಒಪ್ಕೋತಿದಾನೆ. ನೀನು ಹೋಗಿ ನಿನ್ನ ಕುತ್ತಿಗೆ ಯಾಕೆ ಕೊಡ್ತೀಯ?”

“ಅವನು ಒಳಗೆ ಹೋದ್ಮೇಲೆ ಆ ಸೀಟಲ್ಲಿ ಇನ್ನೊಬ್ಬ ಕೂರ್ತಾನಲ್ಲ ರೀ. ಅವನಿಗೂ ನಾನೇ ಫೋನ್ ಮಾಡ್ಬೇಕಲ್ಲ.”

“ಎಲ್ಲರೂ ಮಾತಾಡ್ತಾರೆ ಕಣೆ ಗಾಡಿ ಓಡಿಸ್ತಾ. ಅವನ ಗ್ರಹಚಾರ ನೆಟ್ಟಗಿರಲಿಲ್ಲ, ಅಷ್ಟೆ.”

“ಎಲ್ಲರೂ ಅಂದ್ರೆ ನೀವು. ಹೆಲ್ಮೆಟ್ಟಿಗೂ ಕೆನ್ನೆಗೂ ಮಧ್ಯ ಫೋನು ತುರುಕ್ಕೊಂಡು ಕತ್ತು ವಾರೆ ಮಾಡ್ಕೊಂಡು ಹೋಗ್ತೀರಲ್ಲ, ನೀವು. ಮೊನ್ನೆ ಹಾಗೇ ಮನೆವರೆಗೂ ಬಂದು, ಫೋನು ಎಲ್ಲಿ ಅಂತ ಜೇಬೆಲ್ಲ ತಡಕಾಡಿದ್ರಿ.”

ಗಂಡ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಆಮೇಲೆ ಮೂರು ದಿನ ಗಂಡಹೆಂಡತಿ ಮಾತು ಬಿಟ್ಟಿದ್ದರು. ನಾಲ್ಕನೆಯ ದಿನ ಅವನಾಗಿಯೇ ಬೈಕಿನ ಪೆಟ್ಟಿಗೆಗೆ ಫೋನು ಹಾಕಿ ಬೀಗ ಜಡಿದು ಹೊರಟ. ಹೆಂಡತಿಯ ಕಡೆ ತಿರುಗಿ ಮಾತ್ರ ನೋಡಲಿಲ್ಲ. ಗಂಡಸರು ಸೋಲೊಪ್ಪುವ ಬಗೆ ಅದು ಎಂದು ಅವಳೂ ಸುಮ್ಮನಿದ್ದಳು.

ಆ ಶನಿವಾರ ಅವಳು ಗಡಿಯಾರನ ಮನೆಗೆ ಹೋದಳು. ಬಾಗಿಲು ತೆರೆದ ಅವನ ಹೆಂಡತಿ ಒಳಗೆ ಬನ್ನಿ ಎನ್ನಲಿಲ್ಲ, ದಾರಿ ಬಿಟ್ಟು ನಿಂತಳು ಅಷ್ಟೆ. ಜಾಮೀನಿನ ಮೇಲೆ ಹೊರಗಿದ್ದ ಅವನು ಕಿಟಕಿಯ ಪಕ್ಕ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದ. ಇಪ್ಪತ್ತೆರಡು ವರ್ಷ ಸ್ಟೀರಿಂಗು ಹಿಡಿದ ಕೈಗೆ ಆ ಕೆಲಸ ಬರುತ್ತಿರಲಿಲ್ಲ, ಅರ್ಧ ಕಾಯಿ ನೆಲದ ಮೇಲಿತ್ತು.

“ನೀವು ಯಾಕೆ ಬಂದ್ರಿ ಅಕ್ಕ? ನಿಮ್ಮನ್ನ ಎಳೆಯಲ್ಲ ನಾನು. ಎತ್ತಿದ್ದು ನನ್ನ ಕೈ. ಸ್ಟ್ಯಾಂಡಿಂದ ತೆಗೆದು ಕಿವಿಗಿಟ್ಕೊಂಡಿದ್ದು ನಾನು. ದೀಪ ಕೆಂಪಾಗಿದ್ದು ನೋಡದೇ ಇದ್ದಿದ್ದೂ ನಾನೇ. ಆ ಯಮ್ಮನ ಮುಖ ಮಾತ್ರ ನೋಡ್ದೆ, ಗಾಜಿನ ಆಚೆ. ಇಷ್ಟು ಹತ್ರ.”

“ಗೊತ್ತು. ನೀನು ಮಾಡಿದ್ದು ತಪ್ಪೇ. ನಾನು ಅದನ್ನ ಅಳಿಸೋಕೆ ಬಂದಿಲ್ಲ.”

“ಮತ್ತೆ?”

“ಯಾಕೆ ಎತ್ತಿದೆ? ಪಕ್ಕಕ್ಕೆ ನಿಲ್ಲಿಸಿ ತಿರುಗಿ ಮಾಡಬಹುದಿತ್ತು.”

ಗಡಿಯಾರ ಇನ್ನೊಂದು ಕಾಯಿ ಎತ್ತಿಕೊಂಡ. ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ. “ಒಂದ್ಸಲ ಎತ್ತಲಿಲ್ಲವಲ್ಲ ಅಕ್ಕ, ದಿಬ್ಬ ಹತ್ತುವಾಗ. ಆವತ್ತು ನೀವು ಕೆಂಪು ಹಾಕಿದ್ರಿ. ಮೂರನೇದು. ಆ ಭಾನುವಾರ ನನ್ನ ತಂಗಿ ಮದುವೆ ಇತ್ತು. ಇವರು ಬರಲಿಲ್ಲ. ಅವತ್ತಿಂದ ಇವರು ಒಂದು ಫೋನನ್ನೂ ಬಿಟ್ಟಿಲ್ಲ.”

ಕಂಟ್ರೋಲಕ್ಕನಿಗೆ ಆ ಕೆಂಪು ಗುರುತು ನೆನಪೇ ಇರಲಿಲ್ಲ. ಅದೇ ಅವಳನ್ನು ಇರಿಯಿತು. ಅಷ್ಟು ದೊಡ್ಡ ಶಿಕ್ಷೆ ಕೊಟ್ಟು, ಟೀ ಕುಡಿದು, ಮರೆತಿದ್ದಳು. ಅಲ್ಲಿಂದ ಎದ್ದು ಬರುವಾಗ ಅವಳ ಮನಸ್ಸು ಗಟ್ಟಿಯಾಗಿತ್ತು. ಇನ್ನು ಯಾರು ಏನೇ ಹೇಳಲಿ, ಆ ಬೋರ್ಡಿನ ಪರವಾಗಿ ಅವಳ ಬಾಯಿಂದ ಒಂದು ಅಕ್ಷರ ಬರುವುದಿಲ್ಲ.

ಸೋಮವಾರ ಅವಳು ಎರಡು ಪಟ್ಟಿ ಪ್ರಿಂಟು ತೆಗೆದಳು. ಒಂದರಲ್ಲಿ ತನ್ನ ಮೇಜಿನಿಂದ ಮೂರನೇ ವ್ಯಾನಿಗೆ ಹೋದ ಕರೆಗಳು, ಗಂಟೆ ನಿಮಿಷದ ಸಮೇತ. ಇನ್ನೊಂದರಲ್ಲಿ ಆ ವ್ಯಾನು ಯಾವ ನಿಮಿಷ ಯಾವ ವೇಗದಲ್ಲಿತ್ತು ಎಂಬ ವಿವರ. ಅಡುಗೆಮನೆಯ ಮೇಜಿನ ಮೇಲೆ ಎರಡನ್ನೂ ಹರಡಿ, ಸ್ಕೇಲು ಇಟ್ಟು, ಸಾಲಿಗೆ ಸಾಲು ಹೊಂದಿಸಿದಳು. ಅಪಘಾತದ ಆ ಕರೆಯವರೆಗೆ ಹನ್ನೊಂದು ತಿಂಗಳು. ಎರಡು ಸಾವಿರದ ಮುನ್ನೂರು ಚಿಲ್ಲರೆ ಕರೆ. ನಿಂತ ವ್ಯಾನಿಗೆ ಮಾಡಿದ್ದು ಒಂದಾದರೂ ಸಿಗಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ಒಂದೂ ಸಿಗಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲೂ ಒಂದು ಯೋಗ್ಯತೆ ಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ನಗು ಬರಲಿಲ್ಲ. ಪಟ್ಟಿಯ ವಿಷಯವನ್ನು ಮಾಲೀಕನಿಗೂ ವಕೀಲನಿಗೂ ತಿಳಿಸಲಿಲ್ಲ; ಅವಳು ಒಪ್ಪಿದಳೆಂದೇ ಅವರು ತಿಳಿದರು.

ನಾಲ್ಕು ತಿಂಗಳ ಮೇಲೆ ಕೇಸು ಕೋರ್ಟಿಗೆ ಬಂತು. ಗಡಿಯಾರ ತಲೆ ತಗ್ಗಿಸಿ ತಪ್ಪೊಪ್ಪಿಕೊಂಡ. ಶಿಕ್ಷೆ ಎಷ್ಟು ಎಂದು ತೀರ್ಮಾನಿಸುವ ಮುಂಚೆ, ಫೋನು ಮಾಡಿದವರನ್ನು ಒಮ್ಮೆ ಕೇಳಬೇಕು ಎಂದರು ನ್ಯಾಯಾಧೀಶರು; ಐವತ್ತು ದಾಟಿದ ಹೆಂಗಸು, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಕಂಟ್ರೋಲಕ್ಕ ಕಟಕಟೆ ಹತ್ತಿದಳು. ಮೊದಲ ಸಾಲಿನಲ್ಲಿ ಮಾಲೀಕ, ಇಸ್ತ್ರಿ ಮುರಿಯದ ಅಂಗಿಯಲ್ಲಿ. ಕೊನೆಯ ಬೆಂಚಿನಲ್ಲಿ ಆ ಹೊಲಿಗೆಯ ಹೆಂಗಸು, ಪಕ್ಕದಲ್ಲಿ ಎರಡು ಊರುಗೋಲು.

ವಕೀಲ ನಗುನಗುತ್ತ ಎದ್ದ. “ಚಾಲನೆಯಲ್ಲಿ ಫೋನ್ ನಿಷೇಧ ಅನ್ನೋ ಬೋರ್ಡು ನಿಮ್ಮ ಕಚೇರಿಯಲ್ಲಿ ಇದೆ ಅಲ್ವಾ?”

“ಇದೆ.”

“ನೀವು ದಿನಾ ನೋಡ್ತೀರಿ?”

“ನೋಡ್ತೀನಿ. ಅಪಘಾತ ಆದ ಮಾರನೇ ದಿನದಿಂದ ನೋಡ್ತಿದೀನಿ. ಅದಕ್ಕೂ ಮುಂಚೆ ಅಲ್ಲಿ ಬರೀ ಗೋಡೆ ಇತ್ತು.”

ವಕೀಲನ ನಗು ಅರ್ಧಕ್ಕೇ ನಿಂತಿತು. ಮಾಲೀಕ ಕೂತಲ್ಲೇ ಕೆಮ್ಮಿದ. ವಕೀಲ ದನಿ ಬದಲಿಸಿದ. “ಇರಲಿ. ಫೋನ್ ಮಾಡಿದಾಗ ವ್ಯಾನು ಎಲ್ಲೋ ನಿಂತಿರಬೇಕು ಅಂತ ನೀವು ಅಂದ್ಕೊಂಡಿರಿ, ಸಹಜವಾಗಿ?”

“ಇಲ್ಲ ಸಾರ್. ಓಡ್ತಿತ್ತು ಅಂತಲೇ ಮಾಡಿದೆ. ನಿಂತಾಗ ಮಾಡಿದ್ರೆ ಯಾರೂ ಎತ್ತಲ್ಲ. ಓಡುವಾಗ ಮಾತ್ರ ಎತ್ತುತ್ತಾರೆ. ಎತ್ತದಿದ್ರೆ ರಜೆ ಹೋಗುತ್ತೆ. ಆ ಗುರುತು ಹಾಕ್ತಿದ್ದೋಳೂ ನಾನೇ.” ಚೀಲದಿಂದ ಕಾಗದದ ಕಟ್ಟು ತೆಗೆದು ಮುಂದಿಟ್ಟಳು. “ಅಪಘಾತದ ಕರೆವರೆಗಿನ ಎರಡು ಸಾವಿರದ ಮುನ್ನೂರು ಕರೆ ಇದೆ ಇದರಲ್ಲಿ. ಒಂದೂ ನಿಂತ ವ್ಯಾನಿಗೆ ಮಾಡಿದ್ದಲ್ಲ. ಮಾಲೀಕರ ನಿಯಮ ಆ ಕೆಂಪು ಗುರುತಿನ ರಿಜಿಸ್ಟರಿನ ಮೊದಲ ಪುಟದಲ್ಲಿ ಅವರ ಅಕ್ಷರದಲ್ಲೇ ಇದೆ. ಈಗಲೂ ಐದು ವ್ಯಾನು ಹಾಗೇ ಓಡ್ತಿವೆ, ಇವತ್ತು ನನ್ನ ಮೇಜಲ್ಲಿ ಕೂತಿರೋ ಹುಡುಗಿಗೂ ನಾನು ಅದನ್ನೇ ಕಲಿಸಿದ್ದು. ಈ ಹೊತ್ತಿಗೂ ಯಾರೋ ಒಬ್ಬ ರಸ್ತೆ ಬಿಟ್ಟು ಫೋನು ನೋಡ್ತಿರ್ತಾನೆ.”

ನ್ಯಾಯಾಧೀಶರು ಬರೆಯುವುದು ನಿಲ್ಲಿಸಿದರು. “ನೋಡಿಯಮ್ಮ, ನೀವು ಹೇಳ್ತಿರೋದು ನಿಮಗೇ ಮುಳುವಾಗಬಹುದು. ಇಂಥ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತಿಲ್ಲ. ಗೊತ್ತಾ?”

“ಗೊತ್ತು ಅಮ್ಮ. ಈ ವಕೀಲರೇ ಹೇಳಿ ಹೆದರಿಸಿದಾರೆ. ಬರ್ಕೊಳ್ಳಿ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಗುಮಾಸ್ತ ಟೈಪು ಮಾಡಿದ್ದನ್ನು ಓದಿ ಹೇಳಿದ: ತಾನು ಕರೆ ಮಾಡಿದಾಗ ವಾಹನ ಚಲಿಸುತ್ತಿತ್ತು ಎಂದು ಸಾಕ್ಷಿ ಹೇಳುತ್ತಾರೆ. ಸಹಿಗೆ ಕಾಗದ ಮುಂದೆ ಮಾಡಿದ. ಅವಳು ಪೆನ್ನು ಮುಟ್ಟಲಿಲ್ಲ.

“ಒಂದು ಬಿಟ್ಟಿದೀರ. ಓಡ್ತಿದ್ದಿದ್ದು ನನಗೆ ಗೊತ್ತಿತ್ತು. ಅದನ್ನೂ ಹಾಕಿ.”

“ಅದು ಅದರಲ್ಲೇ ಬರುತ್ತಮ್ಮ.”

“ಬರಲ್ಲ. ನಾಳೆ ಯಾರೋ ಬಂದು, ಪಾಪ ಅವಳಿಗೇನು ಗೊತ್ತು ಅಂತಾರೆ. ಹಾಕಿ.”

ಗುಮಾಸ್ತ ನ್ಯಾಯಾಧೀಶರ ಮುಖ ನೋಡಿದ. ಅವರು ತಲೆಯಾಡಿಸಿದರು. ಮತ್ತೆ ಟೈಪಾಯಿತು. ಆಮೇಲೆ ಸಹಿ ಹಾಕಿದಳು, ಪ್ರತಿ ಪುಟಕ್ಕೂ.

ಮಧ್ಯಾಹ್ನ ತೀರ್ಪು ಬಂತು. ಕರೆ ಯಾರೇ ಮಾಡಿರಲಿ, ನಿಯಮ ಯಾರದೇ ಇರಲಿ, ಸ್ಟೀರಿಂಗು ಹಿಡಿದವನ ಕಣ್ಣು ರಸ್ತೆಯ ಮೇಲಿರಬೇಕಿತ್ತು ಎಂದರು ನ್ಯಾಯಾಧೀಶರು. ಗಡಿಯಾರನಿಗೆ ಎಂಟು ತಿಂಗಳ ಜೈಲು. ಲೈಸೆನ್ಸು ಐದು ವರ್ಷ ರದ್ದು. ಕಂಪನಿಯ ಮೇಲೂ, ಕರೆ ಮಾಡಿದ ಉದ್ಯೋಗಿಯ ಮೇಲೂ ತನಿಖೆ ನಡೆಸಿ ವರದಿ ಕೊಡಬೇಕೆಂದು ಪೊಲೀಸರಿಗೆ ಆದೇಶ. ತನ್ನ ಸಾಕ್ಷಿಯಿಂದ ಅವನಿಗೆ ಒಂದು ತಿಂಗಳಾದರೂ ಕಡಿಮೆಯಾಯಿತೋ ಇಲ್ಲವೋ, ಕಂಟ್ರೋಲಕ್ಕನಿಗೆ ತಿಳಿಯಲಿಲ್ಲ. ಕರೆದೊಯ್ಯುವಾಗ ಗಡಿಯಾರ ಅವಳ ಕಡೆ ನೋಡಿ ತಲೆಯಾಡಿಸಿದ. ಅವನ ಹೆಂಡತಿ ನೋಡಲಿಲ್ಲ.

ಹೊರಗೆ ವರಾಂಡದಲ್ಲಿ ಮಾಲೀಕ ಅಡ್ಡ ಬಂದ. “ನಾಳೆಯಿಂದ ಬರೋದು ಬೇಡ. ಹನ್ನೆರಡು ವರ್ಷ ಅನ್ನ ಹಾಕಿದ್ದಕ್ಕೆ ಒಳ್ಳೇ ಉಪಕಾರ ಮಾಡ್ದೆ.”

“ಅನ್ನ ನಾನು ದುಡಿದು ತಿಂದಿದ್ದು. ಬರೋದು ಬೇಡ ಅನ್ನೋದನ್ನ ಕಾಗದದಲ್ಲಿ ಬರೆದು ಕೊಡಿ. ತಾರೀಖು ಮಾತ್ರ ಇವತ್ತಿಂದೇ ಹಾಕಿ” ಎಂದಳು ಅವಳು, ಅಲ್ಲಿದ್ದ ನಾಲ್ಕು ಜನಕ್ಕೂ ಕೇಳುವ ಹಾಗೆ. ಮಾಲೀಕ ಮುಖ ಊದಿಸಿಕೊಂಡು ಮೆಟ್ಟಿಲಿಳಿದ.

ಆಗ ಬೆನ್ನ ಹಿಂದೆ ಊರುಗೋಲಿನ ಸದ್ದಾಯಿತು. ಹೊಲಿಗೆಯ ಹೆಂಗಸು ಬಂದು ಎದುರಿಗೆ ನಿಂತಳು. ಕುಳ್ಳಗಿನ ಆಕೃತಿ, ಕತ್ತಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತು ಬಂದಿದ್ದಳೇನೋ.

“ನೀನೇನಾ ಆ ಫೋನು?”

“ನಾನೇ.”

“ಅವನು ಆಸ್ಪತ್ರೆಗೆ ಬಂದು ನನ್ನ ಮಂಚದ ಹತ್ರ ಅತ್ತ. ನೀನು ಅಳಲ್ವಾ?”

“ನಾನು ಅತ್ರೆ ನೀವು ಸಮಾಧಾನ ಮಾಡ್ಬೇಕಾಗುತ್ತೆ. ಆ ಕೆಲಸಾನೂ ನಿಮ್ಮ ತಲೆಗೆ ಕಟ್ಟಲ್ಲ.”

ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಒಳಗೆ ನೀವೆಲ್ಲ ಅಷ್ಟೊಂದು ಮಾತಾಡಿದ್ರಿ. ಒಂದನ್ನ ಯಾರೂ ಕೇಳಲಿಲ್ಲ. ಅಂಥ ಏನು ಅರ್ಜೆಂಟು ಇತ್ತು? ಏನು ಕೇಳಿದೆ ಅವನನ್ನ?”

“ಎಲ್ಲಿದೀಯ ಅಂತ ಕೇಳಿದೆ.”

“ಗೊತ್ತಿರಲಿಲ್ವಾ?”

ಕಂಟ್ರೋಲಕ್ಕ ಮುಖ ತಿರುಗಿಸಲಿಲ್ಲ. “ಗೊತ್ತಿತ್ತು. ಪರದೆ ಮೇಲೆ ಕಾಣ್ತಿತ್ತು. ಸೇತುವೆ ಇಳೀತಿದ್ದ.”

“ಮತ್ತೆ ಯಾಕೆ ಕೇಳಿದೆ?”

“ಆಸ್ಪತ್ರೆಯವರು ಬಟ್ಟೆ ಎಲ್ಲಿ ಅಂದ್ರು. ‘ಈಗ ತಾನೇ ಮಾತಾಡಿದೆ, ಬರ್ತಿದಾನೆ’ ಅಂತ ಅವರಿಗೆ ಹೇಳೋಕೆ.”

ಹೆಂಗಸು ಊರುಗೋಲನ್ನು ಸರಿಮಾಡಿಕೊಂಡಳು. “ನಿನ್ನ ಮೇಲೆ ಕೇಸಾದ ದಿನ ಬರ್ತೀನಿ” ಎಂದಳು. “ನಿನ್ನ ವಿರುದ್ಧ ಹೇಳೋಕೆ. ನಿನ್ನ ಮಾಲೀಕನ ವಿರುದ್ಧವೂ ಹೇಳ್ತೀನಿ. ಆದ್ರೆ ನಿನ್ನನ್ನ ಬಿಡಲ್ಲ.”

“ಬಿಡಬೇಡಿ. ಬಂದ ತಕ್ಷಣ ಮೊದಲು ಇದನ್ನೇ ಕೇಳಿ, ಎಲ್ಲರ ಮುಂದೆ: ಕಾಣ್ತಿದ್ದವನನ್ನ ಎಲ್ಲಿದೀಯ ಅಂತ ಯಾಕೆ ಕೇಳಿದೆ ಅಂತ. ಈಗ ನಿಮಗೆ ಹೇಳಿದ್ದು ಬಿಟ್ರೆ ಅದಕ್ಕೆ ನನ್ನ ಹತ್ರ ಬೇರೆ ನೆವ ಇಲ್ಲ. ಮಾಲೀಕನ ಹತ್ರಾನೂ ಇಲ್ಲ.”